ಮೋಡಪ್ಪ ಮಾಡಿದ ರಿಪೇರಿ

ಮೋಡಪ್ಪನನ್ನು ಮೋಡಪ್ಪ ಎಂದು ಮೊದಲು ಕರೆದವರು ಯಾರೆಂಬುದು ಈಗ ಯಾರಿಗೂ ನೆನಪಿಲ್ಲ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಅದು ಜಮೀನಿನ ಪತ್ರದಲ್ಲಿ ಭದ್ರವಾಗಿ ಮಡಿಸಿಕೊಂಡು ಮಲಗಿತ್ತು. ಕೆಲಸ ಮಾಡುತ್ತ ಮಾಡುತ್ತ ಕತ್ತೆತ್ತಿ ಮೋಡ ನೋಡುವುದು, ನೋಡಿದ ಮೇಲೆ ಕತ್ತನ್ನು ಇಳಿಸುವುದೇ ಮರೆತುಹೋಗುವುದು ಅವನ ಚಾಳಿ. ಅವನು ತೋಟಕ್ಕೆ ನೀರು ಬಿಟ್ಟು ನಿಂತನೆಂದರೆ ಪಕ್ಕದ ತೋಟಕ್ಕೂ ಪುಕ್ಕಟೆಯಾಗಿ ನೀರು ಹಾಯುತ್ತಿತ್ತು. ಪಕ್ಕದ ತೋಟದವರು ಅವನನ್ನು ಬಹಳ ಒಳ್ಳೆಯ ಮನುಷ್ಯ ಎನ್ನುತ್ತಿದ್ದರು.

ಅವನ ಅಣ್ಣ ಇದಕ್ಕೆ ತದ್ವಿರುದ್ಧ. ಅಣ್ಣ ಟ್ರ್ಯಾಕ್ಟರ್ ಹತ್ತಿದರೆ ನೆಲದ ಮೇಲೆ ಬೀಳುತ್ತಿದ್ದ ಸಾಲು ಅಂಥಿಂಥ ನೇರವಲ್ಲ. ಒಮ್ಮೆ ಒಬ್ಬ ಕೃಷಿ ಅಧಿಕಾರಿ ಸಾಲಿನುದ್ದಕ್ಕೂ ದಾರ ಹಿಡಿದು ನೋಡಿ, ದಾರವೇ ಸ್ವಲ್ಪ ಡೊಂಕು ಎಂದು ಬರೆದುಕೊಂಡು ಹೋಗಿದ್ದರು. ಸುತ್ತಮುತ್ತ ಅಣ್ಣನಂಥ ಡ್ರೈವರ್ ಇಲ್ಲ ಎಂದು ಜನ ಹೇಳುತ್ತಿದ್ದರು. ಜನ ಹೇಳುವುದನ್ನು ಮರೆತಾಗ ಅಣ್ಣ ತಾನೇ ಜ್ಞಾಪಿಸುತ್ತಿದ್ದ.

ಏಳು ವರ್ಷಗಳ ಹಿಂದೆ ಮೋಡಪ್ಪ ಉಳುತ್ತ ಉಳುತ್ತ ಒಂದು ದೊಡ್ಡ ಬಿಳಿ ಮೋಡದ ಬೆನ್ನು ಹತ್ತಿ, ಹೊಲದ ನಟ್ಟನಡುವೆ ಹಾವು ಹರಿದಂತೆ ಸಾಲು ಹೊಡೆದ. ಅಣ್ಣ ನಾಲ್ಕು ಜನರ ಮುಂದೆ, "ನಿಂಗೆ ಟ್ರ್ಯಾಕ್ಟರ್ ಅಲ್ಲ ಕಣೋ, ತೊಟ್ಟಿಲು ಕೊಡಿಸ್ಬೇಕಿತ್ತು" ಎಂದ. ಮೋಡಪ್ಪ, "ತೊಟ್ಟಿಲಾದ್ರೆ ನೀನೇ ತೂಗ್ಬೇಕಾಗ್ತಿತ್ತು" ಎಂದ. ನಾಲ್ಕು ಜನ ನಕ್ಕರು. ಅವರು ನಕ್ಕದ್ದು ಯಾರ ಮಾತಿಗೆ ಎಂಬುದು ಇತ್ಯರ್ಥವಾಗದೆ ಅಣ್ಣತಮ್ಮಂದಿರು ಅಂದಿನಿಂದ ಮಾತು ಬಿಟ್ಟರು.

ಆಮೇಲೆ ಹಂಚಿಕೆಯಾಯಿತು. ಹೊಲ ಎರಡಾಯಿತು, ಮನೆ ಎರಡಾಯಿತು, ಏಣಿಗಳು ಮೊದಲೇ ಎರಡಿದ್ದವು. ಟ್ರ್ಯಾಕ್ಟರ್ ಮಾತ್ರ ಒಂದೇ ಇತ್ತು, ಅದನ್ನು ಗರಗಸ ಹಾಕಿ ಕೊಯ್ಯುವಂತಿರಲಿಲ್ಲ. ಸಹಕಾರ ಸಂಘದ ಕಾರ್ಯದರ್ಶಿಗಳು ಕನ್ನಡಕ ಒರೆಸಿಕೊಂಡು ಒಂದು ಕರಾರು ಬರೆದರು. ಒಂದು ವಾರ ಅಣ್ಣನದು, ಒಂದು ವಾರ ತಮ್ಮನದು. ಭಾನುವಾರ ಸೂರ್ಯ ಮುಳುಗುವುದರೊಳಗೆ ಗಾಡಿಯನ್ನು ಬೀದಿಯ ತುದಿಯ ಜಂಟಿ ಶೆಡ್ಡಿನಲ್ಲಿ ಪಡೆದ ಸ್ಥಿತಿಯಲ್ಲಿಯೇ ನಿಲ್ಲಿಸತಕ್ಕದ್ದು, ಬೀಗದ ಕೈಯನ್ನು ಮೊಳೆಗೆ ತೂಗುಹಾಕತಕ್ಕದ್ದು. ಈ 'ತಕ್ಕದ್ದು' ಕಾರ್ಯದರ್ಶಿಗಳಿಗೆ ಪ್ರಾಣಪ್ರಿಯವಾದ ಮಾತು. ಮನೆಯಲ್ಲಿ ಹೆಂಡತಿಗೂ ಅವರು ಅಡುಗೆಗೆ ಉಪ್ಪು ಹಾಕತಕ್ಕದ್ದು ಎನ್ನುತ್ತಾರೆಂದು ಸುದ್ದಿಯಿತ್ತು.

ಶೆಡ್ಡಿನಿಂದ ಹೊರಟ ಬೀದಿ ನೆಟ್ಟಗೆ ಬಂದು ಎದುರುಬದುರಾದ ಎರಡು ಗೇಟುಗಳ ನಡುವೆ ಹಾಯುತ್ತಿತ್ತು. ಬಲಗಡೆಯ ಗೇಟು ಅಣ್ಣನದು, ಎಡಗಡೆಯದು ಮೋಡಪ್ಪನದು. ಮಾತಿಲ್ಲದ ಮೇಲೆ ಗಾಡಿಯ ಸುಖದುಃಖ ತಿಳಿಸುವುದು ಹೇಗೆ? ಅದಕ್ಕೆ ಸೀಟಿನ ಕೆಳಗಿನ ಸಾಮಾನು ಡಬ್ಬಿಯಲ್ಲಿ ಚೀಟಿ ಇಡುತ್ತಿದ್ದರು. 'ಡೀಸೆಲ್ ತುಂಬಿದೆ.' 'ಹಿಂದಿನ ಟೈರಿಗೆ ಗಾಳಿ ಸಾಲದು.' ಸಂಬೋಧನೆ ಇಲ್ಲ, ಸಹಿ ಇಲ್ಲ. ಆದರೂ ವಾರಕ್ಕೊಮ್ಮೆ ಅಣ್ಣನ ಗುಂಡಗಿನ ಅಕ್ಷರ ನೋಡಿದರೆ ಮೋಡಪ್ಪನಿಗೆ ಏನೋ ಒಂದು ಸಮಾಧಾನ. ಅದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ.

ಅಂಥ ಡಬ್ಬಿಯಲ್ಲಿ ಒಂದು ಬುಧವಾರ ಈ ಚೀಟಿ ಸಿಕ್ಕಿತು: 'ಗಾಡಿ ಹಳೆಯದಾಯಿತು. ಬರುವ ಸೋಮವಾರ ಬೆಳಿಗ್ಗೆ ಕೊಳ್ಳುವವರು ಬರುತ್ತಾರೆ. ತೊಳೆದಿಡುವುದು. ಆಕ್ಷೇಪಣೆ ಇದ್ದರೆ ಬರೆದು ತಿಳಿಸುವುದು.'

ಚೀಟಿ ಇದ್ದದ್ದು ಭಾನುವಾರ ಸಂಜೆಯಿಂದ. ಮೋಡಪ್ಪ ಡಬ್ಬಿ ತೆರೆದದ್ದು ಬುಧವಾರ. ಅವನು ಆಕ್ಷೇಪಣೆ ಬರೆಯಲು ಕುಳಿತ. 'ಬೇಡ' ಎಂದು ಬರೆದ. ತೀರಾ ಗಿಡ್ಡವಾಯಿತು. 'ದಯವಿಟ್ಟು ಬೇಡ' ಎಂದು ಬರೆದ. ಭಿಕ್ಷೆ ಬೇಡಿದ ಹಾಗಾಯಿತು. ಟ್ರ್ಯಾಕ್ಟರ್ ಹೋದರೆ ಚೀಟಿಯೂ ಹೋಗುತ್ತದೆ, ಚೀಟಿ ಹೋದರೆ ಅಣ್ಣನೂ ಹೋದಂತೆಯೇ ಎಂಬುದನ್ನು ಯಾವ ಕಾಗದದ ಮೇಲೆ ಬರೆಯುವುದು? ಎಂಟು ಚೀಟಿ ಹರಿದ ಮೇಲೆ ಅವನು ಮೋಡ ನೋಡಲು ಕತ್ತೆತ್ತಿದ. ಮೇಲೆ ಶೆಡ್ಡಿನ ತಗಡಿತ್ತು. ಕತ್ತು ಇಳಿಸಿದಾಗ ಕಣ್ಣಿಗೆ ಬಿದ್ದದ್ದು ಗಾಡಿಯ ಮುಂದಿನ ಚಕ್ರಗಳ ನಡುವೆ ನೆಲದ ಮೇಲೆ ಹರಡಿದ್ದ ಎಣ್ಣೆ.

ಸ್ಟೀರಿಂಗಿನ ಸಿಲಿಂಡರ್ ಸೋರುತ್ತಿತ್ತು. ಮುಂದಿನ ಅಚ್ಚಿಗೆ ಅಡ್ಡಲಾಗಿ ಮಲಗಿ, ಎಣ್ಣೆಯ ಬಲದಿಂದ ರಾಡನ್ನು ಆಚೆ ಈಚೆ ತಳ್ಳಿ ಚಕ್ರ ತಿರುಗಿಸುವ ತೋಳುದ್ದದ ಕೊಳವೆ ಅದು. ರಾಡಿನ ಕುತ್ತಿಗೆಯಲ್ಲಿ ಒಂದೊಂದೇ ಹನಿ ದಪ್ಪಗಾಗಿ, ಸ್ವಲ್ಪ ಹೊತ್ತು ಯೋಚಿಸಿ, ಬೀಳುತ್ತಿತ್ತು. ಮೋಡಪ್ಪ ಅದನ್ನು ಅರ್ಧ ಗಂಟೆ ನೋಡಿದ. ಕೊನೆಗೆ ಅವನಿಗೆ ಹೊಳೆಯಿತು: ಗಾಡಿ ಹಳೆಯದಾಯಿತು ಎಂದಲ್ಲವೆ ಅಣ್ಣನ ದೂರು? ಹೊಸದರಂತೆ ಮಾಡಿ ನಿಲ್ಲಿಸಿದರೆ ಮಾರುವ ಮಾತೇ ಏಳುವುದಿಲ್ಲ!

"ನಿಮ್ಮ ತಲೆ!" ಎಂದಳು ಹೆಂಡತಿ, ಬಟ್ಟೆ ಹಿಂಡುತ್ತ. "ಸೋರೋ ಗಾಡೀನ ಯಾರೂ ಕೊಳ್ಳಲ್ಲ, ರಿಪೇರಿ ಆಗಿರೋದನ್ನ ಎಲ್ರೂ ಕೊಳ್ತಾರೆ. ಮಾರಬಾರದು ಅಂತಿದ್ರೆ ಸೋರೋಕೆ ಬಿಡ್ರೀ."

ಮೋಡಪ್ಪ ಯೋಚಿಸಿದ. ಮಾತು ಸರಿಯಾಗಿಯೇ ಇತ್ತು. "ಅದೂ ನಿಜ ಕಣೇ" ಎಂದು ಒಪ್ಪಿಕೊಂಡು ಸೈಕಲ್ ಹತ್ತಿ ಬಿಡಿಭಾಗಗಳ ಅಂಗಡಿಗೆ ಹೊರಟುಹೋದ. ಒಪ್ಪುವುದಕ್ಕೂ ಮಾಡುವುದಕ್ಕೂ ಸಂಬಂಧ ಇರಬೇಕೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಅಂಗಡಿಯಲ್ಲಿ ಆ ಹೊತ್ತಿಗೆ ಅವನ ಬೀದಿಯವರೇ ಆದ ನಿವೃತ್ತ ಪೋಸ್ಟ್‌ಮನ್ ಕುಳಿತಿದ್ದರು. ಮೂವತ್ತು ವರ್ಷ ಬೇರೆಯವರ ಕಾಗದ ಹಂಚಿದ ಕೈ ಸುಮ್ಮನಿರಲಾರದೆ ಈಗ ಅವರು ಸುದ್ದಿ ಹಂಚುತ್ತಿದ್ದರು. ಅದಕ್ಕೆ ಅಂಚೆಚೀಟಿಯನ್ನೂ ಕೇಳುತ್ತಿರಲಿಲ್ಲ.

"ಸ್ಟೀರಿಂಗ್ ಸಿಲಿಂಡರಿನ ಸೀಲ್ ಸೆಟ್ ಕೊಡಿ" ಎಂದ ಮೋಡಪ್ಪ.

"ಮೆಕ್ಯಾನಿಕ್ ಯಾರು?" ಎಂದ ಅಂಗಡಿಯವನು.

ಊರಿಗಿದ್ದ ಒಬ್ಬನೇ ಮೆಕ್ಯಾನಿಕ್ ಪರಸ್ಥಳಕ್ಕೆ ಹೋಗಿದ್ದ, ಹತ್ತು ದಿನ ಬಿಟ್ಟು ಬರುವವನಿದ್ದ. ಹಾಗೆಂದು ಹೇಳಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಪೋಸ್ಟ್‌ಮನ್ ಕಿವಿ ಇತ್ತ ತಿರುಗಿಸಿದ್ದರು. ಅಣ್ಣನಂಥ ಅಣ್ಣನ ತಮ್ಮ ತಾನು ಎಂಬುದು ಮೋಡಪ್ಪನಿಗೆ ಹಠಾತ್ತನೆ ನೆನಪಾಯಿತು.

"ನಾನೇ!" ಎಂದ.

"ಮುಂಚೆ ಮಾಡಿದೀರಾ?"

"ಎಷ್ಟೋ ಸಲ."

ಇದು ಪೂರ್ತಿ ಸುಳ್ಳಲ್ಲ. ಅಂಗಡಿಗೆ ಬರುವ ದಾರಿಯಲ್ಲಿ ಸೈಕಲ್ ತುಳಿಯುತ್ತ ಅವನು ಮೂರು ಸಲ ಮಾಡಿ ಮುಗಿಸಿದ್ದ.

ಅಂಗಡಿಯವನು ಕಪ್ಪು ರಬ್ಬರಿನ ಬಳೆಗಳ ಪೊಟ್ಟಣ ಕೊಡುತ್ತ ಎರಡು ಮಾತು ಹೇಳಿದ. ಸೀಲಿನ ತುಟಿ ಒಳಮುಖವಾಗಿರಬೇಕು. ಸಿಲಿಂಡರಿಗೆ ಬರುವ ಎರಡು ಪೈಪುಗಳನ್ನು ಬಿಚ್ಚುವ ಮೊದಲು ಒಂದಕ್ಕೆ ಗುರುತು ಹಾಕಬೇಕು. "ಪೈಪ್ ಅದಲು ಬದಲಾದ್ರೆ..." ಎಂದು ಅವನು ಶುರು ಮಾಡಿದಾಗ ಮೋಡಪ್ಪ ಆಗಲೇ ಬಾಗಿಲ ಹೊರಗಿದ್ದ. ಆಕಾಶದಲ್ಲಿ ಸೀಲಿನ ಆಕಾರದ್ದೇ ಒಂದು ಮೋಡ ಬಂದಿತ್ತು.

ಭಾನುವಾರ ಮಧ್ಯಾಹ್ನ ಕೆಲಸಕ್ಕೆ ಕೈಯಿಟ್ಟ. ಶೆಡ್ಡಿನ ತಗಡಿನ ತೂತುಗಳಿಂದ ಬಿಸಿಲು ಕೋಲುಕೋಲಾಗಿ ಇಳಿದಿತ್ತು, ಅದರೊಳಗೆ ಧೂಳು ಮೆಲ್ಲಗೆ ತೇಲುತ್ತಿತ್ತು. ಮೋಡಪ್ಪ ಮುಂದಿನ ಅಚ್ಚಿಗೆ ಜಾಕ್ ಕೊಟ್ಟು ಚಕ್ರಗಳನ್ನು ನೆಲದಿಂದ ಎತ್ತಿದ. ಗೋಣಿಚೀಲ ಹಾಸಿ, ತಲೆ ಮುಂದಕ್ಕೂ ಕಾಲು ಹಿಂದಕ್ಕೂ ಇಟ್ಟು, ಗಾಡಿಯ ಕೆಳಗೆ ಅಂಗಾತ ಮಲಗಿದ. ಹಳೆಯ ಬನಿಯನ್ನಿನಿಂದ ಒಂದು ಬಿಳಿ ಪಟ್ಟಿ ಹರಿದು ತನ್ನ ಬಲಗೈ ಕಡೆಯ ಪೈಪಿಗೆ ಗುರುತಿಗಾಗಿ ಕಟ್ಟಿದ. ಇಲ್ಲಿಯವರೆಗೆ ಯಾವ ಮೆಕ್ಯಾನಿಕ್ಕೂ ಅವನಲ್ಲಿ ತಪ್ಪು ಹುಡುಕಲಾರ.

ಪೈಪು ಬಿಚ್ಚಿದ, ಸಿಲಿಂಡರ್ ಇಳಿಸಿದ, ಕುತ್ತಿಗೆಯ ಮುಚ್ಚಳ ತಿರುಗಿಸಿ ತೆಗೆದ. ರಾಡು ಹೊರಗೆ ಬಂತು. ಎಷ್ಟು ನುಣುಪಾಗಿತ್ತೆಂದರೆ ಅದರಲ್ಲಿ ಅವನ ಮುಖ ಉದ್ದಕ್ಕೆ ಎಳೆದು ಕಾಣಿಸಿತು. ಹಳೆಯ ಸೀಲು ಒಣಗಿ ಬಿರಿದಿತ್ತು. ಹೊಸದನ್ನು ಎಣ್ಣೆಯಲ್ಲಿ ಅದ್ದಿ, ತುಟಿ ಒಳಕ್ಕೆ ಮಾಡಿ, ಬೆರಳಿನಿಂದ ಒತ್ತಿ ಕೂರಿಸಿದ. ಕೆಲಸ ಬಹಳ ಸೊಗಸಾಗಿ ಆಯಿತು. ಆ ಸಂತೋಷಕ್ಕೆ ಸಿಲಿಂಡರನ್ನು ಎದೆಯ ಮೇಲಿಟ್ಟುಕೊಂಡು ಒಂದು ಗಳಿಗೆ ಕಣ್ಣು ಮುಚ್ಚಿದ.

ಕನಸಿನಲ್ಲಿ ಟ್ರ್ಯಾಕ್ಟರ್ ನೆಲ ಬಿಟ್ಟು ಎದ್ದಿತ್ತು. ಅಣ್ಣ ಓಡಿಸುತ್ತಿದ್ದ, ಮೋಡಪ್ಪ ಮಡ್‌ಗಾರ್ಡಿನ ಮೇಲೆ ಕುಳಿತಿದ್ದ. ಇಬ್ಬರೂ ಸೇರಿ ಮೋಡವನ್ನು ಉಳುತ್ತಿದ್ದರು. ಸಾಲು ನೇರವಾಗಿ ಬರುತ್ತಿತ್ತೋ ಡೊಂಕಾಗಿ ಬರುತ್ತಿತ್ತೋ ಅಣ್ಣ ತಿರುಗಿ ನೋಡಲೇ ಇಲ್ಲ, ಏನೋ ಹೇಳುತ್ತ ನಗುತ್ತಿದ್ದ. ಏನು ಹೇಳಿದ ಎಂದು ಕೇಳುವಷ್ಟರಲ್ಲಿ ಎಚ್ಚರವಾಯಿತು.

ಬಿಸಿಲು ಕೋಲುಗಳು ಗೋಡೆ ಹತ್ತಿದ್ದವು. ಸೂರ್ಯ ಮುಳುಗುವುದರೊಳಗೆ ಮುಗಿಸಬೇಕು! ಮೋಡಪ್ಪ ಗಡಬಡಿಸಿ ಎದ್ದ. ಕೈಯೆಲ್ಲ ಎಣ್ಣೆ. ಒರೆಸಲು ಬಟ್ಟೆ ಹುಡುಕಿದ. ಕಣ್ಣೆದುರಿಗೇ ಒಂದು ಶುಭ್ರವಾದ ಬಿಳಿ ಪಟ್ಟಿ ತೂಗುತ್ತಿತ್ತು. ಯಾವ ಪುಣ್ಯಾತ್ಮ ಇಟ್ಟನೋ ಎಂದುಕೊಂಡು ಅದನ್ನು ಬಿಚ್ಚಿ, ಕೈ ಒರೆಸಿ, ಮೂಲೆಗೆ ಎಸೆದ. ಈ ಸಲ ಕಾಲು ಮುಂದಕ್ಕೂ ತಲೆ ಹಿಂದಕ್ಕೂ ಮಾಡಿ ಗಾಡಿಯ ಕೆಳಗೆ ತೂರಿದ. ಸಿಲಿಂಡರ್ ಜೋಡಿಸಿ ಮೇಲೆ ನೋಡಿದರೆ ಒಂದೇ ಬಣ್ಣದ, ಒಂದೇ ಉದ್ದದ ಎರಡು ಪೈಪುಗಳು ಏನೂ ಅರಿಯದವುಗಳಂತೆ ತೂಗುತ್ತಿದ್ದವು.

'ಗುರುತಿನದು ನನ್ನ ಬಲಗೈ ಕಡೆ ಇತ್ತು' ಎಂದು ಮೋಡಪ್ಪ ಜ್ಞಾಪಿಸಿಕೊಂಡ. ಜ್ಞಾಪಕ ಸರಿಯಾಗಿಯೇ ಇತ್ತು. ಬಲಗೈಯೂ ಅದೇ ಇತ್ತು. ತಾನು ಮಾತ್ರ ತಿರುಗಿ ಮಲಗಿದ್ದೇನೆ ಎಂಬುದೊಂದು ಅವನ ಲೆಕ್ಕಕ್ಕೆ ಬರಲಿಲ್ಲ.

ಎಣ್ಣೆ ತುಂಬಿಸಿ, ಪರೀಕ್ಷೆಗೆ ಹೆಂಡತಿಯನ್ನು ಕರೆದ. ಅವಳು ಕೈ ಒರೆಸಿಕೊಳ್ಳುತ್ತ ಬಂದು ಗಾಡಿಯ ಮುಂದೆ, ಗಂಡನಿಗೆ ಎದುರಾಗಿ ನಿಂತಳು. ಮೋಡಪ್ಪ ಇಂಜಿನ್ ಚಾಲೂ ಮಾಡಿ, ಸೀಟಿನಿಂದ ಬಗ್ಗಿ ಸಿಲಿಂಡರಿನ ಕುತ್ತಿಗೆಯನ್ನೇ ದಿಟ್ಟಿಸುತ್ತ, ಸ್ಟೀರಿಂಗನ್ನು ಬಲಕ್ಕೆ ತಿರುಗಿಸಿದ.

"ಚಕ್ರ ಯಾವ ಕಡೆ ಹೋಯ್ತು?"

"ಬಲಕ್ಕೆ" ಎಂದಳು ಅವಳು, ತನ್ನ ಬಲಗೈ ತೋರಿಸಿ.

"ಈಗ?"

"ಎಡಕ್ಕೆ. ಮುಗೀತಾ? ಒಲೆ ಮೇಲೆ ಹಾಲಿದೆ."

ಒಂದು ಹನಿಯೂ ಸೋರಲಿಲ್ಲ. ಸ್ಟೀರಿಂಗ್ ಒಂದೇ ಬೆರಳಿಗೆ ತಿರುಗುತ್ತಿತ್ತು. ಮೋಡಪ್ಪ ಜಾಕ್ ಇಳಿಸಿ, ಗಾಡಿ ತೊಳೆದು, ಬೀಗದ ಕೈಯನ್ನು ಮೊಳೆಗೆ ತೂಗುಹಾಕಿದ. ಡಬ್ಬಿಯಲ್ಲಿ 'ಹೊಸದರಂತಿದೆ' ಎಂಬ ಚೀಟಿ ಇಟ್ಟ. ಆಕ್ಷೇಪಣೆ ಎಂದು ಅವನಿಂದ ಹೊರಟದ್ದು ಅದೊಂದೇ.

ಸೋಮವಾರ ಬೆಳಿಗ್ಗೆ ಬೀದಿಗೆ ಬೀದಿಯೇ ನೆರೆಯಿತು. ಕೊಳ್ಳುವವನು ಚಿನ್ನದ ಬಣ್ಣದ ಗಡಿಯಾರ ಕಟ್ಟಿಕೊಂಡು ಅಣ್ಣನ ಗೇಟಿನ ಬಳಿ ಕುರ್ಚಿ ಹಾಕಿಸಿಕೊಂಡು ಕುಳಿತ. ಕಾರ್ಯದರ್ಶಿಗಳು ಕರಾರಿನ ಕಡತ ಹಿಡಿದು ಬೀದಿಯ ಮಧ್ಯೆ ನಿಂತರು. ಪೋಸ್ಟ್‌ಮನ್ ಅಣ್ಣನ ಮನೆಯ ಮಗ್ಗುಲಿಗಿದ್ದ ತಮ್ಮ ಮನೆಯ ಜಗುಲಿಯಲ್ಲಿ ಆರಾಮಕುರ್ಚಿ ಬಿಚ್ಚಿದರು. ಅವರಿಗೂ ಅಣ್ಣನಿಗೂ ಎರಡು ವರ್ಷದಿಂದ ಮಾತಿರಲಿಲ್ಲ. ಅವರ ಬೇಲಿ ಬೀದಿಗೆ ಮೂರು ಬೆರಳು ಬಂದಿದೆ ಎಂದು ಅಣ್ಣ ಟೇಪು ಹಿಡಿದು ತೋರಿಸಿದ್ದ.

ಅಣ್ಣ ಬಂದ. ಇಸ್ತ್ರಿ ಮಾಡಿದ ಅಂಗಿ, ಬಿಗಿದ ಮುಖ. ಮೋಡಪ್ಪ ತನ್ನ ಗೇಟಿಗೆ ಒರಗಿ ನಿಂತಿದ್ದ. ಅಣ್ಣ ಅವನನ್ನು ನೋಡದೆಯೇ ಶೆಡ್ಡಿಗೆ ಹೋದ. ಇಂಜಿನ್ ಗುಡುಗಿತು.

ಗಾಡಿ ಶೆಡ್ಡಿನಿಂದ ಹೊರಬಂದ ರೀತಿ ನೋಡಿ ಬೀದಿ ಕಣ್ಣುಜ್ಜಿಕೊಂಡಿತು. ದಾರವನ್ನೇ ಡೊಂಕು ಮಾಡಿದ ಮನುಷ್ಯ ಆಚೆಗೊಮ್ಮೆ ಈಚೆಗೊಮ್ಮೆ ವಾಲಾಡುತ್ತ ಬರುತ್ತಿದ್ದ. ಗೇಟುಗಳ ಹತ್ತಿರ ಬಂದಾಗ ಅಣ್ಣ ಸ್ಟೀರಿಂಗನ್ನು ಬಲಕ್ಕೆ ಎಳೆದ. ಗಾಡಿ ಎಡಕ್ಕೆ ತಿರುಗಿ, ಮೋಡಪ್ಪನನ್ನು ಬದಿಗೆ ಹಾರಿಸಿ, ಅವನ ಗೇಟಿನೊಳಗೆ ನುಗ್ಗಿ, ಒಣಹಾಕಿದ್ದ ಬೆಡ್‌ಶೀಟಿನ ಅಡಿಯಲ್ಲಿ ನುಸುಳಿ, ಅಡುಗೆಮನೆಯ ಮೆಟ್ಟಿಲಿಗೆ ಒಂದು ಗೇಣು ಉಳಿದಿರುವಾಗ ನಿಂತಿತು. ಅಣ್ಣ ಬೆಡ್‌ಶೀಟ್ ಹೊದ್ದು ಸೀಟಿನ ಮೇಲೆ ಕುಳಿತಿದ್ದ.

ಏಳು ವರ್ಷದಲ್ಲಿ ಅಣ್ಣ ಆ ಗೇಟು ದಾಟಿರಲಿಲ್ಲ. ಮೋಡಪ್ಪನ ಹೆಂಡತಿ ಬಾಗಿಲಿಗೆ ಬಂದಳು, ನೋಡಿದಳು, ಸೆರಗು ಸರಿಮಾಡಿಕೊಂಡಳು. ಅವಳ ಕಣ್ಣು ತುಂಬಿಬಂತು.

"ಬನ್ನಿ ಭಾವ, ಒಳಗೆ ಬನ್ನಿ. ಬರ್ತೀರಿ ಅಂತ ನಂಗೆ ಗೊತ್ತಿತ್ತು."

ಅಣ್ಣ ಬೆಡ್‌ಶೀಟ್ ತೆಗೆದ. ತನ್ನಂಥ ಡ್ರೈವರು ದಾರಿ ತಪ್ಪಿ ಬಂದೆ ಎಂದು ಹೇಳುವುದುಂಟೆ? ಅವನು ಗಂಟಲು ಸರಿಮಾಡಿಕೊಂಡು, "ಹೀಗೇ... ನೋಡ್ಕೊಂಡು ಹೋಗೋಣ ಅಂತ ಬಂದೆ" ಎಂದ.

"ಅಕ್ಕಾ! ಭಾವ ರಾಜಿಗೆ ಬಂದಿದಾರೆ!" ಎಂದು ಅವಳು ಬೀದಿಯಾಚೆಗೆ ಕೇಳುವಂತೆ ಕೂಗಿದಳು. ಎದುರು ಮನೆಯಿಂದ ಅಣ್ಣನ ಹೆಂಡತಿ ಓಡಿಬಂದಳು. ಓರಗಿತ್ತಿಯರು ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು. ನಿಜ ಹೇಳಬೇಕೆಂದರೆ ಅವರಿಬ್ಬರೂ ಏಳು ವರ್ಷದಿಂದ ದಿನಾ ಹಿತ್ತಲಲ್ಲಿ ಮಾತಾಡುತ್ತಿದ್ದರು. ಆದರೂ ಸಂದರ್ಭಕ್ಕೆ ತಕ್ಕಂತೆ ಅತ್ತರು. ಟೀ ಬಂತು. ಅಣ್ಣ ಸೀಟಿನ ಮೇಲೆಯೇ ಕುಳಿತು ಕುಡಿದ.

ಮೋಡಪ್ಪ ಗೇಟಿನ ಕಂಬ ಹಿಡಿದು ನಿಂತೇ ಇದ್ದ. ಕನಸು ಇನ್ನೂ ಮುಗಿದಿಲ್ಲವೇನೋ ಎಂದುಕೊಂಡ. ಅಣ್ಣ ತಾನಾಗಿಯೇ ಬಂದ! ರಿಪೇರಿ ನೋಡಿ ಮನಸ್ಸು ಕರಗಿತು! ಹತ್ತಿರ ಹೋಗಿ ಏನಾದರೂ ಹೇಳಬೇಕೆಂದು ಬಾಯಿ ತೆರೆದ. ಏಳು ವರ್ಷದ ಮಾತಿನಲ್ಲಿ ಮೊದಲು ಯಾವುದನ್ನು ಹೇಳುವುದೆಂದು ಎಣಿಸತೊಡಗಿದ.

ಅಷ್ಟರಲ್ಲಿ ಅಣ್ಣ ರಿವರ್ಸ್ ಹಾಕಿದ. ಹಿಂದಕ್ಕೆ ಬಂದು, ತನ್ನ ಗೇಟಿನೆದುರು ಗಾಡಿಯ ಮುಖ ತಿರುಗಿಸುವುದು ಅವನ ಎಣಿಕೆ. ಸ್ಟೀರಿಂಗ್ ಎಣಿಸಿದ್ದೇ ಬೇರೆ. ಗಾಡಿ ಹಿಂದುಹಿಂದಾಗಿ ಬೀದಿ ದಾಟಿ, ಬೇಲಿಯ ತೆರಪಿನಲ್ಲಿ ಒಳಗೆ ಸರಿದು, ಪೋಸ್ಟ್‌ಮನ್ನರ ಜಗುಲಿಗೆ ಬೆನ್ನು ತಾಗಿಸುವಂತೆ ಬಂದು ನಿಂತಿತು. ಪೋಸ್ಟ್‌ಮನ್ ಆರಾಮಕುರ್ಚಿಯಿಂದ ಎದ್ದರು. ಮೊದಲು ಹೆದರಿದರು, ಆಮೇಲೆ ಅವರ ಮುಖ ಅರಳಿತು.

"ನೋಡಿದ್ರಾ!" ಎಂದು ಇಡೀ ಬೀದಿಗೆ ಕೇಳುವಂತೆ ಹೇಳಿದರು. "ಮುಖ ತೋರ್ಸೋಕೆ ನಾಚ್ಕೊಂಡು ಹಿಂದುಹಿಂದಾಗಿ ಬಂದಿದಾನೆ ಮಹರಾಯ. ಇರ್ಲಿ ಬಿಡಪ್ಪ, ನಾನೂ ದೊಡ್ಡದು ಮಾಡಲ್ಲ. ಮೂರು ಬೆರಳು ಬೇಲಿ, ನಾಳೆನೇ ಕತ್ತರಿಸ್ತೀನಿ."

ಅಣ್ಣ ಗೇರ್ ಬದಲಿಸಿ ಮತ್ತೆ ಮುಂದಕ್ಕೆ ಬಿಟ್ಟ. ಈಗ ಗಾಡಿ ನೇರವಾಗಿ ಕಾರ್ಯದರ್ಶಿಗಳ ಮೇಲೆ ಹೊರಟಿತು. ಕಾರ್ಯದರ್ಶಿಗಳು ಗಾಡಿಯ ಎಡಕ್ಕೆ ಸರಿದರು. ಅವರನ್ನು ತಪ್ಪಿಸಲು ಅಣ್ಣ ಬಲಕ್ಕೆ ತಿರುಗಿಸಿದ, ಗಾಡಿಯೂ ಅವರ ಹಿಂದೆಯೇ ಸರಿಯಿತು. ಅವರು ಕಡತವನ್ನು ತಲೆಯ ಮೇಲೆ ಹಿಡಿದು ಮೋರಿಯ ಕಟ್ಟೆ ಹತ್ತಿದರು. ಗಾಡಿ ಕಟ್ಟೆಯ ಬುಡಕ್ಕೆ ಬಂದು ನಿಂತಿತು.

"ತಿಳೀತು, ತಿಳೀತು!" ಎಂದು ಅವರು ಮೇಲಿನಿಂದ ಕೂಗಿದರು. "ಕರಾರು ರದ್ದು ಮಾಡ್ಬೇಕು ತಾನೇ? ಅರ್ಜಿ ಕೊಡತಕ್ಕದ್ದು! ಹೀಗೆ ಬೆನ್ನಟ್ಟತಕ್ಕದ್ದಲ್ಲ!"

ಕೊಳ್ಳುವವನು ಕುರ್ಚಿಯಿಂದ ಎದ್ದಿದ್ದ. "ಇದು ಟ್ರ್ಯಾಕ್ಟರೋ, ಹೊಸಾ ಅಳಿಯನೋ? ಬೀದೀಲಿರೋ ಎಲ್ಲಾ ಮನೆಗೂ ಹೋಗಿ ಬರ್ತಿದೆಯಲ್ಲ!"

ಆಗ ಪೋಸ್ಟ್‌ಮನ್ನರ ಮುಖದಲ್ಲಿ ಗಾಂಭೀರ್ಯ ಇಳಿಯಿತು. ಅವರು ಪಕ್ಕದವರ ಭುಜ ಹಿಡಿದು ದನಿ ತಗ್ಗಿಸಿದರು. ಅವರು ದನಿ ತಗ್ಗಿಸಿದರೆ ಅದು ಇನ್ನೂ ದೂರ ಹೋಗುತ್ತಿತ್ತು.

"ನಂಗೇನೋ ಅನುಮಾನ ಕಣ್ರೀ. ಇಂಥಾ ಹಟಮಾರಿ ಮನುಷ್ಯ ಒಂದೇ ಬೆಳಿಗ್ಗೆ ತಮ್ಮನ ಹತ್ರ ರಾಜಿ, ನನ್ನ ಹತ್ರ ರಾಜಿ, ಕರಾರು ರದ್ದು... ಗಾಡೀನೂ ಮಾರ್ತಿದಾನೆ. ಡಾಕ್ಟ್ರು ಏನೋ ಹೇಳಿರ್ಬೇಕು. ಹೆಚ್ಚು ದಿನ ಇಲ್ಲ ಅಂತ."

ಈ ಕಾಗದ ಬೀದಿಯ ಎಲ್ಲ ವಿಳಾಸಗಳಿಗೂ ತಲುಪಲು ಎಷ್ಟು ಹೊತ್ತು? ಒಬ್ಬರು ಆರು ತಿಂಗಳು ಎಂದರು, ಇನ್ನೊಬ್ಬರು ಮೂರು ಎಂದರು. ಒಬ್ಬ ಮುದುಕಿ, "ನಿನ್ನೆಗೇ ಮುಗೀತು ಅಂದಿದ್ರಂತೆ, ಏನೋ ಗಟ್ಟಿ ಜೀವ" ಎಂದಳು. ಅತ್ತಿಗೆಗೆ ಸುದ್ದಿ ಮುಟ್ಟಿದಾಗ ಅವಳು ಟೀ ಲೋಟ ಬಿಟ್ಟುಹಾಕಿ, "ನಂಗೆ ಒಂದು ಮಾತೂ ಹೇಳಲಿಲ್ವಲ್ಲಪ್ಪಾ!" ಎಂದು ಕೂಗಿ ಅಲ್ಲಿಯೇ ಕುಳಿತುಬಿಟ್ಟಳು. ಈ ಸಲದ ಅಳು ಸಂದರ್ಭಕ್ಕೆ ಅತ್ತದ್ದಾಗಿರಲಿಲ್ಲ.

ಮೋಡಪ್ಪನಿಗೂ ಸುದ್ದಿ ಮುಟ್ಟಿತು. ಅವನು ಓಡಿದ. ಅವನು ಓಡಿದ್ದನ್ನು ಬೀದಿಯವರು ಅಂದೇ ಮೊದಲು ನೋಡಿದ್ದು. ಅಣ್ಣ ಇಂಜಿನ್ ಆರಿಸಿ, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಅವನ್ನೇ ನೋಡುತ್ತ ಕುಳಿತಿದ್ದ. ಮೋಡಪ್ಪ ಕಾಲುಮೆಟ್ಟು ಹತ್ತಿ ಅಣ್ಣನ ಮೊಣಕಾಲು ಹಿಡಿದ.

"ಅಣ್ಣಾ, ಡಾಕ್ಟ್ರು ಏನಂದ್ರು?"

"ಯಾವ ಡಾಕ್ಟ್ರೋ?"

"ಮುಚ್ಚಿಡ್ಬೇಡ ಅಣ್ಣಾ. ಎಲ್ಲಾ ಗೊತ್ತಾಯ್ತು."

ಅಣ್ಣ ಸುತ್ತ ನೋಡಿದ. ಜನ ಸ್ವಲ್ಪ ದೂರದಲ್ಲಿ ನಿಂತಿದ್ದರು. ಅವನು ಬಗ್ಗಿ, ತಮ್ಮನಿಗೆ ಮಾತ್ರ ಕೇಳುವಂತೆ ಹೇಳಿದ:

"ನನ್ನ ಕೈ ಹೋಯ್ತು ಕಣೋ. ಆರು ತಿಂಗಳಿಂದ ಸ್ಟೀರಿಂಗ್ ತಿರುಗ್ಸೋಕೇ ಆಗ್ತಿರಲಿಲ್ಲ. ಭುಜ ಕಿತ್ತು ಬರೋ ಹಾಗಾಗ್ತಿತ್ತು. ವಯಸ್ಸಾಯ್ತು, ಇನ್ನು ನನ್ನಿಂದ ಆಗಲ್ಲ ಅಂದ್ಕೊಂಡೆ. ಜನ ನೋಡಿ ನಗೋಕೆ ಮುಂಚೆ ಮಾರಿಬಿಡೋಣ ಅಂತ... ಇವತ್ತು ನೋಡು, ಕೈ ಹಗುರ ಆಗಿದೆ, ತಲೆಯೇ ಕೆಟ್ಟಿದೆ. ಬಲಕ್ಕೆ ಅಂದ್ರೆ ಎಡಕ್ಕೆ ಹೋಗ್ತೀನಿ. ಎಡಕ್ಕೆ ಅಂದ್ರೆ ಬಲಕ್ಕೆ. ಯಾರಿಗೂ ಹೇಳ್ಬೇಡ."

ಮೋಡಪ್ಪ ಕತ್ತೆತ್ತಿ ಆಕಾಶ ನೋಡಿದ. ಒಂದೇ ಒಂದು ಮೋಡವಿತ್ತು, ಒಂದು ಬಿಳಿ ಪಟ್ಟಿ. ಅವನಿಗೆ ಬನಿಯನ್ನಿನ ಪಟ್ಟಿ ನೆನಪಾಯಿತು. ಅದರಲ್ಲಿ ಕೈ ಒರೆಸಿದ್ದು ನೆನಪಾಯಿತು. ತಲೆ ಮುಂದಕ್ಕೆ, ಆಮೇಲೆ ತಲೆ ಹಿಂದಕ್ಕೆ. ಹೆಂಡತಿ ಎದುರಿಗೆ ನಿಂತು ತೋರಿಸಿದ ಬಲಗೈ. ಎಲ್ಲ ಒಂದರ ಹಿಂದೆ ಒಂದು ಸಾಲಾಗಿ, ನೆಟ್ಟಗೆ, ಅಣ್ಣ ಉತ್ತ ಹಾಗೆ ಬಂದವು.

ಹೇಳಿದರೆ ಏಳು ವರ್ಷದ ಹಿಂದಿನ ನಗು ಮತ್ತೆ ಏಳುತ್ತದೆ, ಈ ಸಲ ನಾಲ್ಕಲ್ಲ, ನಲವತ್ತು ಜನರ ನಗು. ಹೇಳದಿದ್ದರೆ ಅಣ್ಣ ಈ ಕೈಗಳನ್ನು ಹೀಗೇ ತೊಡೆಯ ಮೇಲಿಟ್ಟುಕೊಂಡು ಮನೆ ಸೇರುತ್ತಾನೆ. ಮೋಡಪ್ಪ ಕಾಲುಮೆಟ್ಟಿನ ಮೇಲೆ ನೆಟ್ಟಗೆ ನಿಂತು, ಜೀವಮಾನದಲ್ಲಿ ಎಂದೂ ಕೂಗದಷ್ಟು ಗಟ್ಟಿಯಾಗಿ ಕೂಗಿದ:

"ಕೈ ಅಲ್ಲ ಅಣ್ಣಾ, ಪೈಪು! ನಾನು ಪೈಪು ಅದಲು ಬದಲು ಮಾಡ್ಬಿಟ್ಟೆ! ಗಾಡಿ ಉಲ್ಟಾ ತಿರುಗ್ತಿದೆ. ನಿಂಗೇನೂ ಆಗಿಲ್ಲ, ತಪ್ಪು ನಂದು!"

ಬೀದಿ ಘೊಳ್ಳೆಂದು ನಕ್ಕಿತು. ಮೋರಿಯ ಕಟ್ಟೆಯ ಮೇಲಿದ್ದ ಕಾರ್ಯದರ್ಶಿಗಳೂ ನಕ್ಕರು. ಅಣ್ಣ ಮಾತ್ರ ನಗಲಿಲ್ಲ.

"ಮತ್ತೆ ಆರು ತಿಂಗಳಿಂದ ಭಾರ ಇದ್ದದ್ದು?"

"ಸಿಲಿಂಡರ್ ಸೋರ್ತಿತ್ತು. ಎಣ್ಣೆ ಕಡಿಮೆಯಾದ್ರೆ ಸ್ಟೀರಿಂಗ್ ಭಾರ ಆಗತ್ತೆ. ಎತ್ತು ಕಟ್ಟಿ ಎಳೆದ್ರೂ ತಿರುಗಲ್ಲ."

"ಮತ್ತೆ ನಿಂಗೆ ಭಾರ ಅನ್ನಿಸ್ಲಿಲ್ವೇನೋ?"

ಮೋಡಪ್ಪ ನೆನಪು ಮಾಡಿಕೊಳ್ಳಲು ನೋಡಿದ. "ಗಮನಿಸ್ಲಿಲ್ಲ" ಎಂದ.

ಅಣ್ಣ ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ, ಯಾರೋ ಕಳೆದುಹೋದದ್ದನ್ನು ತಂದುಕೊಟ್ಟಂತೆ. "ಒಂದು ಚೀಟಿ ಬರೀಬಾರದಿತ್ತೇನೋ, ಸೋರ್ತಿದೆ ಅಂತ?"

"ನೀನೂ ಬರೀಬಹುದಿತ್ತು, ಭಾರ ಅಂತ."

ಅಣ್ಣ ಇಳಿದು, ಇಸ್ತ್ರಿ ಅಂಗಿಯ ತೋಳು ಮಡಿಸಿ, "ಸ್ಪ್ಯಾನರ್ ತಾ" ಎಂದ.

ಇಬ್ಬರೂ ಗಾಡಿಯ ಕೆಳಗೆ ತೂರಿದರು. ಬೀದಿಗೆ ಕಾಣಿಸುತ್ತಿದ್ದದ್ದು ನಾಲ್ಕು ಕಾಲು ಮಾತ್ರ. ಏಳು ವರ್ಷದ ಮೇಲೆ ಅಣ್ಣತಮ್ಮ ಏನು ಮಾತಾಡುತ್ತಾರೋ ಎಂದು ಎಲ್ಲರೂ ಉಸಿರು ಬಿಗಿಹಿಡಿದರು. ಓರಗಿತ್ತಿಯರು ಬಗ್ಗಿ ಕಿವಿಗೊಟ್ಟರು.

"ಅದಲ್ವೋ, ಈ ಕಡೆದು."

"ಈ ಕಡೆ ಅಂದ್ರೆ ಯಾವ ಕಡೆ? ನೀನು ಆ ಕಡೆ ತಲೆ ಹಾಕಿದೀಯ."

"ತಲೆ ಈ ಕಡೆ ಹಾಕು ಮೊದ್ಲು. ಹಾಂ. ಹಿಡ್ಕೋ. ಮೇಲೆ ನೋಡ್ಬೇಡ, ಇಲ್ಲಿ ನೋಡು."

ಅರ್ಧ ಗಂಟೆಯ ಮೇಲೆ ಇಬ್ಬರೂ ಹೊರಬಂದರು. ಅಂಗಿಗೆ ಮತ್ತೆ ಇಸ್ತ್ರಿ ಹಿಡಿಯುವಂತಿರಲಿಲ್ಲ. ಅಣ್ಣ ಹತ್ತಿ, ಇಂಜಿನ್ ಚಾಲೂ ಮಾಡಿ, ಒಂದೇ ಬೆರಳಿನಲ್ಲಿ ಸ್ಟೀರಿಂಗನ್ನು ಬಲಕ್ಕೆ ತಿರುಗಿಸಿದ. ಚಕ್ರ ಬಲಕ್ಕೆ ತಿರುಗಿತು. ಎಡಕ್ಕೆ ತಿರುಗಿಸಿದ. ಎಡಕ್ಕೆ ತಿರುಗಿತು. ಗಾಡಿಯನ್ನು ಬೀದಿಯ ಉದ್ದಕ್ಕೂ ಒಂದು ಸಲ ಓಡಿಸಿ ತಂದ. ಚಕ್ರದ ಗುರುತು ದಾರ ಹಿಡಿದಂತೆ ಬಿದ್ದಿತ್ತು. ಅತ್ತಿಗೆ ಮೂಗೊರೆಸಿಕೊಂಡು ಗಂಡನನ್ನು ಬಯ್ಯಲು ಶುರುಮಾಡಿದಳು.

ಕೊಳ್ಳುವವನು ಬಗ್ಗಿ ಸಿಲಿಂಡರ್ ನೋಡಿದ. ಬೆರಳಿಟ್ಟು ಮುಟ್ಟಿ ನೋಡಿದ. ಒಣಗಿತ್ತು.

"ಕೆಲಸ ಚೆನ್ನಾಗೇ ಆಗಿದೆ" ಎಂದ. "ಒಂದು ಹನೀನೂ ಇಲ್ಲ. ನಂಗೆ ಒಪ್ಪಿಗೆ. ಮಾತಾಡೋಣ್ವಾ?"

ಮೋಡಪ್ಪ ಗಾಡಿಯ ಮಡ್‌ಗಾರ್ಡಿನ ಮೇಲೆ ಕೈಯಿಟ್ಟು ನಿಂತಿದ್ದ. ಹೆಂಡತಿ ಹೇಳಿದ್ದೇ ಸರಿಯಾಯಿತು, ಸೋರಲು ಬಿಡಬೇಕಿತ್ತು ಎಂದುಕೊಂಡ. ಅಣ್ಣ ಇಂಜಿನ್ ಆರಿಸಿದ. ಬೀಗದ ಕೈ ಕಿತ್ತು ಅಂಗೈಯಲ್ಲಿ ಹಿಡಿದು, ಕೊಳ್ಳುವವನನ್ನು ನೋಡಿದ.

"ಮನ್ನಿಸ್ಬೇಕು ಸ್ವಾಮಿ. ಇದು ನನ್ನ ತಮ್ಮ ಮಾಡಿರೋ ರಿಪೇರಿ. ಇದನ್ನ ಬೇರೆಯವರ ಮನೆಗೆ ಕಳ್ಸೋಕಾಗಲ್ಲ."

ಜನ ಮತ್ತೆ ನಕ್ಕರು. ಮೋಡಪ್ಪ ನಗಲಿಲ್ಲ. ಅವನು ಸ್ಪ್ಯಾನರ್ ಎಲ್ಲೋ ಬಿತ್ತು ಎಂದು ಗೊಣಗಿ, ಟ್ರ್ಯಾಕ್ಟರಿನ ಕೆಳಗೆ ತೂರಿಕೊಂಡು, ಬಹಳ ಹೊತ್ತು ಹೊರಗೆ ಬರಲೇ ಇಲ್ಲ.